ಸಪೂರ ದಾರ

"ಬೇಗ ಬಲೆ ಹಾಕಿ ಭಾವ, ದಾರ ತಡೀಲಿಕ್ಕಿಲ್ಲ," ಎಂದ ಗುರುದತ್. ಅಮೆರಿಕದ ಲಿವರ್‌ಮೋರ್‌ನ ಕೆರೆಯ ತಿಳಿನೀರಿನಲ್ಲಿ, ಕೈಗೆಟಕುವಷ್ಟು ಹತ್ತಿರ, ಮೊಳದುದ್ದದ ಬ್ಯಾಸ್ ಮೀನು ಅವನ ಗಾಳಕ್ಕೆ ಸಿಕ್ಕಿ ಹೊರಳಾಡುತ್ತಿತ್ತು.

ಕೈಬಲೆ ಹಿಡಿದು ರಾಮನಾಥ ಬಗ್ಗಿದ. ಮಲ್ಪೆಯ ಕಡಲಲ್ಲಿ ಗಾಳ ಹಾಕಿಯೇ ಬೆಳೆದವನು ಅವನು. ಇಲ್ಲಿಗೂ ಕಡಲಿನ ದಪ್ಪ ದಾರವನ್ನೇ ತಂದಿದ್ದ. ಬೆಳಗಿನಿಂದ ಒಂದು ಮೀನೂ ಹತ್ತಿರ ಸುಳಿದಿರಲಿಲ್ಲ. ಹೆಂಡತಿಯ ತಮ್ಮ ಗುರುದತ್ ಗಾಳ ಹಿಡಿದದ್ದು ಇವತ್ತೇ ಮೊದಲು. ಮೀನಿನ ಕಣ್ಣಿಗೆ ಕಾಣದಷ್ಟು ಸಪೂರ ದಾರ, ರಬ್ಬರಿನ ಎರೆಹುಳ, ಎಲ್ಲ ಪತ್ರಿಕೆ ಓದಿ ಕೊಂಡದ್ದು. ಮನೆಯಲ್ಲಿ ವಿಮಲಾ ಮಸಾಲೆ ಅರೆದಿಟ್ಟು ಕಾಯುತ್ತಿದ್ದಾಳೆ. ಇನ್ನು ವರ್ಷವಿಡೀ ಅವಳ ಬಾಯಲ್ಲಿ ತಮ್ಮನ ಮೀನಿನದೇ ಸುದ್ದಿ.

ರಾಮನಾಥನ ಹೊಟ್ಟೆ ಉರಿಯಿತು. ಬಲೆ ಹಿಡಿದ ಕೈ ನೀರಿನ ಮೇಲೆಯೇ ನಿಂತಿತು. ಮೀನು ಒಮ್ಮೆ ತಲೆ ಕೊಡವಿತು; ದಾರ ಪಟ್ಟನೆ ಹರಿಯಿತು.

"ನೀವು ಹೇಳಿದ ಹಾಗೆ ದಪ್ಪ ದಾರವೇ ಹಾಕಬೇಕಿತ್ತು," ಎಂದ ಗುರುದತ್.

"ಮತ್ತೆ? ನನ್ನ ಮಾತು ನೀನು ಕೇಳಿದ್ರೆ ಅಲ್ವಾ ಮಾರಾಯ," ಎಂದು ರಾಮನಾಥ ಬಲೆಯನ್ನು ಅವನ ಕೈಗೆ ತುರುಕಿದ.

ಗುರುದತ್ ಬಲೆಯನ್ನು ಮುಟ್ಟಿ ನೋಡಿದ. ಅದರ ಒಂದು ನೂಲೂ ಒದ್ದೆಯಾಗಿರಲಿಲ್ಲ.