ಮೊಮ್ಮಗಳ ತೇಗು

ಈ ಸಂಗತಿಯನ್ನು ಮೊದಲು ಹೇಳಿದವರು ಭಾಲ್ಕಿಯ ಸುಭದ್ರಾಬಾಯಿ. ಮಾಘ ಹುಣ್ಣಿಮೆಯ ಸಂಜೆ, ಔರಾದಿನ ಬೀಗರ ಅಂಗಳದಲ್ಲಿ, ಮೊಮ್ಮಗಳಿಗೆ ಮಹಾಮಾಯಾ ಎಂದು ಹೆಸರಿಟ್ಟು ತೊಟ್ಟಿಲು ತೂಗಿದ ಮೇಲೆ.

ಹಿಂದಿನ ದಿನದ ಇಳಿಹೊತ್ತಿನಲ್ಲಿ ಅವರ ಯಜಮಾನ ಮಚ್ಛೇಂದ್ರರು ಭಾಲ್ಕಿಯ ಮನೆಯ ಮುಂದೆ ಕಾರಿನ ಪಕ್ಕ ಮಂಡಿಯೂರಿ ಕುಳಿತಿದ್ದರು. ಅದೇ ಜಿಲ್ಲೆಯ ಕೊಳಾರದ ಕಾರ್ಖಾನೆಯಲ್ಲಿ ಯಂತ್ರಗಳನ್ನು ದುರಸ್ತಿ ಮಾಡುತ್ತಲೇ ನಿವೃತ್ತರಾದವರು. ತಮ್ಮ ಕಾರಿಗೆ ಇನ್ನೊಬ್ಬರ ಕೈ ತಾಗಲು ಬಿಟ್ಟವರಲ್ಲ. ಬಾಣಂತನ ಮುಗಿಸಿದ ಮಗಳನ್ನೂ ಕೂಸನ್ನೂ ತಾವೇ ಔರಾದಿಗೆ ಮುಟ್ಟಿಸಬೇಕೆಂದು ಮುಂದಿನ ಎರಡೂ ಗಾಲಿಗಳಿಗೆ ಹೊಸ ಬ್ರೇಕ್ ಕೂರಿಸಿದ್ದರು. ಆದರೆ ಪೆಡಲ್ ಒತ್ತಿದರೆ ನಾದಿದ ಕಣಕದಲ್ಲಿ ಕಾಲಿಟ್ಟಂತೆ ಮೆತ್ತಗೆ ಒಳಗೆ ಹೋಗುತ್ತಿತ್ತು.

ಬ್ರೇಕಿನೊಳಗೆ ಗಾಳಿ ಸಿಕ್ಕಿಕೊಂಡಿದೆ ಎಂಬುದನ್ನು ಅವರು ಬಲ್ಲರು. ಮಗಳು ಉಜ್ವಲಾ ಪೆಡಲ್ ಒತ್ತಿ ಹಿಡಿದಳು. ಅವರು ಗಾಲಿಯ ಬಳಿ ಗಾಳಿ ಬಿಡುವ ಸ್ಕ್ರೂ ಸಡಿಲಿಸಿದರು. ಬ್ರೇಕ್ ಆಯಿಲ್ ಬಂತು, ಗುಳ್ಳೆ ಬರಲಿಲ್ಲ. ಎಲ್ಲಿಯೂ ಸೋರಿಕೆಯಿಲ್ಲ. ಡಬ್ಬಿ ಬರಿದಾಗುತ್ತ ಬಂದರೂ ಪೆಡಲ್ ಗಟ್ಟಿಯಾಗಲಿಲ್ಲ.

“ಎರಡು ಸಲ ಒತ್ತಿದ್ರ ಹಿಡೀತದ ನೋಡವ್ವಾ. ಸಾವಕಾಶ ಹೋದ್ರಾಯ್ತು.”

“ನೀ ಎರಡನೇ ಸಲ ಒತ್ತೂತನಕ ರಸ್ತಾದಾಗಿನ ಎಮ್ಮಿ ನಿಂದರ್ತದೇನಪ್ಪಾ?” ಎಂದು ಉಜ್ವಲಾ ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ ಹೇಳಿದಳು: “ಸಿಟ್ಟಾಗಬ್ಯಾಡ. ನಾ ಕೂಸಿನ ತಗೊಂಡು ಬಸ್ಸಿಗಿ ಹೋಗ್ತೇನಿ.”

ಮಚ್ಛೇಂದ್ರರು ಸ್ಕ್ರೂ ಬಿಗಿದು ಎದ್ದರು. ಒಂದು ಕಾಲದಲ್ಲಿ ಇದೇ ಹುಡುಗಿ ಅವರ ಸೈಕಲ್ಲಿನ ಮುಂದೆ ಕೂತು, ಕಣ್ಣು ಮುಚ್ಚಿ ನಿದ್ದೆ ಹೋಗುತ್ತಿದ್ದಳು. ಅವರು ಕೈ ತೊಳೆದುಕೊಂಡು ಕಟ್ಟೆಗೆ ಬಂದರು. ಹಾಲು ಕುಡಿದ ಕೂಸು ಹೆಂಡತಿಯ ಮಡಿಲಲ್ಲಿ ರಚ್ಚೆ ಹಿಡಿದು ಅಳುತ್ತಿತ್ತು. ಎತ್ತಿಕೊಂಡು ತೊಡೆಯ ಮೇಲೆ ಬೋರಲು ಹಾಕಿ ಬೆನ್ನು ತಟ್ಟಿದರು. ಕುಡಿದ ಹಾಲು ಅವರ ಪಾಯಿಜಾಮದ ಮೇಲಾಯಿತು.

“ಏನ್ ಮಾಡ್ಲತ್ತೀರಿ!” ಸುಭದ್ರಾಬಾಯಿ ಗದರಿದರು. “ಬಾಯಿ ಕೆಳಗ ಮಾಡಿದ್ರ ಹಾಲು ಬರ್ತದ, ಗಾಳಿ ಹ್ಯಾಂಗ ಬರ್ತದ್ರಿ? ಹೆಗಲಿಗಿ ನೆಟ್ಟಗ ಹಾಕೋರಿ.”

ಹಾಕಿಕೊಂಡರು. ಕೂಸು ದೊಡ್ಡವರ ಹಾಗೆ ತೇಗಿತು, ಅಳು ನಿಂತಿತು. ಬೆನ್ನು ತಟ್ಟುತ್ತಿದ್ದ ಅಜ್ಜನ ಕೈ ಅಲ್ಲಿಯೇ ನಿಂತಿತು. ಕೂಸನ್ನು ಹೆಂಡತಿಗೆ ಕೊಟ್ಟು ಕಾರಿನತ್ತ ಧಾವಿಸಿದರು. ಎರಡೂ ಗಾಲಿಗಳಲ್ಲಿ ಆ ಸ್ಕ್ರೂ ಕೆಳಮುಖವಾಗಿತ್ತು. ಎಡಗಡೆಯ ಬ್ರೇಕನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಕೂರಿಸಿದ್ದರು! ಆಯಿಲ್ ಕೆಳಗಿನಿಂದ ಹೋಗುತ್ತಿತ್ತು. ಗಾಳಿ ಮೇಲೆ ಹಾಯಾಗಿ ಕುಳಿತಿತ್ತು.

“ಬಾಯಿ ಕೆಳಗ ಮಾಡಿಟ್ಟೀನಲ್ಲೇ!” ಎಂದು ಅವರು ಕೂಗಿದ್ದಕ್ಕೆ ನೆರೆಮನೆಯವರೂ ಹೊರಬಂದರು.

ಬಿಚ್ಚಿ ಅದಲುಬದಲು ಮಾಡಿದರು. ಸ್ಕ್ರೂ ಮೇಲೆ ಬಂತು. ಉಜ್ವಲಾ ಒತ್ತಿದಳು, ಗುಳುಗುಳು ಗುಳ್ಳೆಗಳೆದ್ದವು. ಅವು ನಿಂತ ಮೇಲೆ ಮತ್ತೆ ಒತ್ತಿದಳು. “ಗ್ವಾಡಿ ಒದ್ದಂಗಾಯ್ತಪ್ಪಾ!” ಪೆಡಲ್ ಗೋಡೆಯಷ್ಟು ಗಟ್ಟಿಯಾಗಿತ್ತು. ಮಚ್ಛೇಂದ್ರರು ಓಣಿಯಲ್ಲಿ ಸುತ್ತು ಹಾಕಿ, ಮೊದಲ ಒತ್ತಿಗೇ ಗಾಡಿ ನಿಲ್ಲುವುದನ್ನು ಮತ್ತೆ ಮತ್ತೆ ನೋಡಿಕೊಂಡು ಬಂದರು. ಕೂಸಿನ ಅಂಗಾಲನ್ನು ಹಣೆಗೆ ಒತ್ತಿಕೊಂಡು, “ಉಪಕಾರ ಆಯ್ತವ್ವಾ ನಿಂದು,” ಎಂದರು. ಮರುದಿನ ಔರಾದಿನ ದಾರಿಯುದ್ದಕ್ಕೂ ಉಜ್ವಲಾ ಹಿಂದಿನ ಸೀಟಿನಲ್ಲಿ ಕೂಸನ್ನು ಅಪ್ಪಿಕೊಂಡು ನಿದ್ದೆ ಮಾಡಿದಳು. ಕನ್ನಡಿಯಲ್ಲಿ ಆ ಮುಚ್ಚಿದ ಕಣ್ಣುಗಳನ್ನು ಕಂಡಾಗಲೆಲ್ಲ ಅಪ್ಪನ ಕಣ್ಣು ಮಂಜಾಗುತ್ತಿತ್ತಂತೆ.

ಸುಭದ್ರಾಬಾಯಿ ಇಷ್ಟು ಹೇಳಿ ಸೆರಗು ಸರಿಮಾಡಿಕೊಂಡರು. ಕೇಳುತ್ತ ಕುಳಿತವರು ನಗುತ್ತಲೇ ಎದ್ದು ತಮ್ಮ ತಮ್ಮ ಮನೆಗಳಿಗೆ ಹೊರಟರು. ಬಾಗಿಲಲ್ಲಿ ನಿಂತಿದ್ದ ಕಾರನ್ನು ದಾಟುವಾಗ ಒಬ್ಬೊಬ್ಬರೂ ಅದರ ಬೆನ್ನನ್ನು ಮೆಲ್ಲಗೆ ತಟ್ಟಿ ಹೋದರು.