ವೈರು ಚುಚ್ಚುವ ಮೊದಲೇ

ರೇಡಿಯೊದಿಂದ ಕಂಪ್ಯೂಟರಿಗೆ ಚುಚ್ಚಬೇಕಾದ ವೈರು ಇನ್ನೂ ಅಪ್ಪನ ಕೈಯಲ್ಲೇ ಇತ್ತು. ಆದರೂ ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡತೊಡಗಿತು.

"ಏನೇ ಇದು, ಯಾರು ಕಳಿಸ್ತಿದಾರೆ?" ಎಂದ ಅಪ್ಪ. ಕಿವಿ ಮಂದವಾದ ಮೇಲೆ ಅವನ ಹ್ಯಾಮ್ ರೇಡಿಯೊ ಹುಚ್ಚಿಗೆ ಈ ಪ್ರೋಗ್ರಾಮೇ ಆಸರೆ. ಗಿಡ್ಡ, ಉದ್ದ ಸದ್ದುಗಳಲ್ಲೇ ಮಾತಾಡುವ ಮೋರ್ಸ್ ಸಂಕೇತವನ್ನು ಅದು ಅಕ್ಷರ ಮಾಡಿ ತೋರಿಸುತ್ತಿತ್ತು. ಹೊಸ ಕಂಪ್ಯೂಟರಿನಲ್ಲಿ ಮಾತ್ರ ಅದು ಜಪ್ಪಯ್ಯ ಅಂದರೂ ಏಳಲೊಲ್ಲದು. ಮಗಳು ಬೆಳಗಿನಿಂದ ಪುಸಲಾಯಿಸಿ ಈಗಷ್ಟೇ ಎಬ್ಬಿಸಿದ್ದಳು.

ಅವಳು ಸೆಟ್ಟಿಂಗ್ ತೆರೆದು ನೋಡಿ, ಅಪ್ಪನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು: "ಇದು ಕಂಪ್ಯೂಟರಿನ ಮೈಕಿನಿಂದ ಕೇಳ್ತಿದೆ ಅಪ್ಪಾ! ಮನೇಲಿ ಆಗ್ತಿರೋ ಸದ್ದನ್ನೇ ಓದ್ತಿದೆ!"

"ಮನೇಲಾ? ಈ ಮನೇಲಿ ಮೋರ್ಸ್ ಗೊತ್ತಿರೋನು ನಾನೊಬ್ಬನೇ ಕಣೇ." ಆ ಧೈರ್ಯದ ಮೇಲೇ ಅಲ್ಲವೇ ಅವನು ಇಷ್ಟು ವರ್ಷ ಅಮ್ಮನ ಎದುರಿಗೇ ಕೂತು, ಮೋರ್ಸ್ ಕೀ ಕುಟ್ಟಿ ಕುಟ್ಟಿ, ಅವಳ ಅಡುಗೆಗೆ ಉಪ್ಪೇ ಇರುವುದಿಲ್ಲವೆಂದು ಕಡಲಾಚೆಯ ಗೆಳೆಯರಿಗೆಲ್ಲ ದೂರು ಹೇಳಿದ್ದು!

ಮಗಳು ಅವನ ಭುಜ ಹಿಡಿದು ಅಡುಗೆಮನೆಯ ಕಡೆ ತಿರುಗಿಸಿದಳು. ಒಲೆಯ ಮುಂದೆ ಅಮ್ಮ ಸೌಟು ಆಡಿಸುತ್ತ, ಓರೆಗಣ್ಣಿನಿಂದ ಇತ್ತಲೇ ನೋಡುತ್ತ, ತುಟಿ ದುಂಡಗೆ ಮಾಡಿ ಶಿಳ್ಳೆ ಹಾಕುತ್ತಿದ್ದಳು. ಒಂದು ಗಿಡ್ಡ, ಒಂದು ಉದ್ದ, ಮತ್ತೆರಡು ಗಿಡ್ಡ. ಕೊನೆಯ ಶಿಳ್ಳೆ ಮುಗಿಸಿ ಅವಳು ಪಾತ್ರೆಗೆ ಮುಚ್ಚಳ ಹಾಕಿದಳು.

ಅಪ್ಪ ಮೆಲ್ಲಗೆ ಪರದೆಯತ್ತ ತಿರುಗಿದ. ಸಾಲು ಪೂರ್ತಿಯಾಗಿತ್ತು: "ಇವತ್ತು ಉಪ್ಪು ಸರಿಯಾಗೇ ಇದೆ. ಅದನ್ನೂ ಅವರಿಗೆಲ್ಲ ತಿಳಿಸಿ."