ರಟ್ಟಿನ ಮೇಲೆ ಬೀಳದ ಹನಿ

ಕನ್ನಡಿಯಲ್ಲಿ ಕಂಡದ್ದು ಒಂದೇ ಕ್ಷಣ. ನಿಂಗರಾಜನ ಲಾರಿ ಚಿಕ್ಕಲಸಂದ್ರದ ತಿರುವು ಬಿಟ್ಟು ಆಗಷ್ಟೇ ಹೊರಟಿತ್ತು. ಹಿಂದೆ, ರಾತ್ರಿಯೆಲ್ಲ ಲಾರಿ ನಿಂತಿದ್ದ ಜಾಗದಲ್ಲೇ ಒಂದು ಸ್ಕೂಟರು ಜಾರಿತು. ಅದರ ಮೇಲಿದ್ದ ಹೆಂಗಸು ಬಲಗಾಲನ್ನು ಗಾಡಿಯಡಿಗೆ ಸಿಕ್ಕಿಸಿಕೊಂಡು ಬಿದ್ದಳು.

ಅವನು ಬ್ರೇಕಿನ ಮೇಲೆ ಕಾಲಿಟ್ಟ. ತೆಗೆದ. ಇನ್ನು ಸ್ವಲ್ಪ ಹೊತ್ತಿಗೆ ಲಾರಿಗಳಿಗೆ ನೋ ಎಂಟ್ರಿ. ಇಟ್ಟಿಗೆ ಇಳಿಸಬೇಕಾದ ಸೈಟು ಬೇಗೂರಿನಾಚೆ. ಜನ ಓಡಿ ಬರುತ್ತಿದ್ದರು. ಅವರೇ ನೋಡಿಕೊಳ್ಳುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಗೇರು ಬದಲಿಸಿದ.

ಸ್ಕೂಟರು ಜಾರಿದ್ದೇಕೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬೇಸಿಗೆಯಿಂದಲೂ ಲಾರಿಗೆ ಎಷ್ಟು ಎಂಜಿನ್ ಆಯಿಲ್ ಸುರಿದರೂ ಸಾಲದು. ಬೆಳಿಗ್ಗೆ ಅಳತೆಕಡ್ಡಿ ಎಳೆದರೆ ತುದಿ ಮಾತ್ರ ಒದ್ದೆ. ಎಲ್ಲೋ ಸೋರುತ್ತಿದೆ, ತೋರಿಸಬೇಕು, ನಾಳೆ ತೋರಿಸೋಣ ಎನ್ನುತ್ತಲೇ ದಿನ ದೂಡಿದ್ದ.

ಹೆಂಡತಿ ಯಲ್ಲವ್ವ ಮಾತ್ರ ಸುಮ್ಮನೆ ಕೂರುವವಳಲ್ಲ. "ಗಾಡಿಗೆ ಯಾರದೋ ಕಣ್ಣ ಬಿದ್ದೈತಿ" ಎಂದು ಅವತ್ತು ಬೆಳಿಗ್ಗೆ ಅಮಾವಾಸ್ಯೆಯ ಪೂಜೆಯನ್ನು ಜೋರಾಗಿಯೇ ಮಾಡಿಸಿದ್ದಳು. ಬೆಂಗಳೂರಿಗೆ ಬಂದು ಇಷ್ಟು ಕಾಲವಾದರೂ ಅವಳಿಗೆ ಅಂಗಡಿಯ ಕುಂಕುಮದ ಮೇಲೆ ಭರವಸೆಯಿಲ್ಲ. ಎಲ್ಲದಕ್ಕೂ ಸವದತ್ತಿ ಗುಡ್ಡದಿಂದ ತಂದ ಭಂಡಾರ, ದೇವಿಯ ಆ ಅರಿಶಿನಪುಡಿಯೇ ಆಗಬೇಕು. ಗಾಜು, ಬಂಪರು, ಗಂಡನ ಹಣೆ ಎಲ್ಲವನ್ನೂ ಹಳದಿ ಮಾಡಿ, ದೃಷ್ಟಿ ತೆಗೆಸಿ, ಇದ್ದಬದ್ದ ಶಾಸ್ತ್ರವನ್ನೆಲ್ಲ ಮುಗಿಸಿಯೇ ಕಳಿಸಿದ್ದಳು. ಇಷ್ಟೆಲ್ಲ ಮಾಡಿಯೂ ಹೀಗಾಯಿತಲ್ಲ ಎಂದು ನಿಂಗರಾಜನಿಗೆ ಸಂಕಟವಾಯಿತು.

ಸಂಜೆ ವಾಪಸು ಬಂದಾಗ ಪೌರಕಾರ್ಮಿಕರು ತಿರುವನ್ನು ಗುಡಿಸಿ ಚೊಕ್ಕ ಮಾಡಿದ್ದರು. ಅಗಲವಾದ ಕಪ್ಪು ಎಣ್ಣೆಕಲೆಯೊಂದು ಮಾತ್ರ ಉಳಿದಿತ್ತು. ಅದನ್ನು ದಾಟಿ ಬೇಕರಿಗೆ ಹೋಗಲು ಅವನಿಗೆ ಮನಸ್ಸು ಬರಲಿಲ್ಲ, ಸುತ್ತಿ ಹೋದ.

"ವಿಮಲಕ್ಕ ಅಣ್ಣ, ಟೈಲರ್ರು" ಎಂದ ಬೇಕರಿಯವನು. "ಜಾರಿ ಬಿದ್ಬಿಟ್ರಂತೆ. ಬಲಗಾಲು ಮುರಿದೋಯ್ತು. ಮಿಷನ್ ತುಳಿಯೋ ಕಾಲೇ ನೋಡಿ, ಪಾಪ."

ಆಸ್ಪತ್ರೆಯಿಂದ ಆಕೆ ಮನೆಗೆ ಬಂದಳೆಂದು ತಿಳಿದ ಕೂಡಲೇ ನಿಂಗರಾಜ ಹಣ್ಣು ಹಿಡಿದು ಹೋದ. "ಇದ ರೋಡಿನಾಗ ಇರ್ತೀವ್ರಿ ಅಕ್ಕಾರ. ಗೊತ್ತಾತು, ಬಂದೆ" ಅಂದ. ಲಾರಿಯ ಸುದ್ದಿ ಎತ್ತದೆ ಹಣ್ಣಿಟ್ಟು ಬಂದ.

ಆಮೇಲೆ ಹೋಗುವುದೇ ರೂಢಿಯಾಯಿತು. ಒಂಟಿ ಹೆಂಗಸು, ನೀರಿನ ಕ್ಯಾನು ಎತ್ತಿಟ್ಟ, ಸಿಲಿಂಡರ್ ಬದಲಿಸಿಕೊಟ್ಟ. ಯಲ್ಲವ್ವ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದಳು. ಗಂಡನಿಗೆ ಇದ್ದಕ್ಕಿದ್ದಂತೆ ಇಷ್ಟು ಕರುಣೆ ಎಲ್ಲಿಂದ ಉಕ್ಕಿತೆಂದು ಅವಳಿಗೂ ಅಚ್ಚರಿ. ವಿಮಲಾ ಬಿದ್ದ ವಿಷಯ ತೆಗೆದರೆ ಮಾತ್ರ ಅವನು ತಟ್ಟನೆ ಎದ್ದುಬಿಡುತ್ತಿದ್ದ. "ಲೋಡ್ ಐತ್ರಿ, ಬರ್ತೀನಿ."

"ಹೆತ್ತೋರೂ ಇಷ್ಟು ನೋಡ್ಕೊಳಲ್ಲ. ನೀವು ದೇವರಂಥೋರು ಬಿಡಿ" ಎಂದಳು ಆಕೆ ಒಂದು ದಿನ. ಮುರಿದ ಕಾಲು ಸ್ಟೂಲಿನ ಮೇಲಿತ್ತು. ಪಕ್ಕದ ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿತ್ತು. ನಿಂಗರಾಜನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗಬೇಕು ಎನಿಸಿತು.

ಇನ್ನು ತಡೆಯಲಾಗಲಿಲ್ಲ. ಕ್ಷಮೆ ಕೇಳಲೇಬೇಕು. ಅದಕ್ಕೂ ಮೊದಲು ಸೋರುವುದು ನಿಲ್ಲಬೇಕು. ಅದೇ ರಸ್ತೆಯ ಕೊನೆಯಲ್ಲಿದ್ದ ಮೋಹಿತನ ಗ್ಯಾರೇಜಿಗೆ ಲಾರಿ ಒಯ್ದ.

"ಇನ್ನ ಮುಂದ ಒಂದ ಹನಿ ಕೆಳಗ ಬೀಳಬಾರದು. ಹಂಗ ಮಾಡಿಕೊಡು."

ಮೋಹಿತ್ ಎಂಜಿನ್ನಿನ ಕೆಳಗೆ ದೊಡ್ಡ ರಟ್ಟು ಹಾಸಿದ. ಎಂಜಿನ್ ಓಡಿಸಿಟ್ಟು ಟೀ ಕುಡಿಯಲು ಹೋದ. ಬಂದವನು ಟಾರ್ಚು ಹಿಡಿದು ಕೆಳಗೆ ನುಸುಳಿ, ಹೊರಬರುವಾಗ ರಟ್ಟನ್ನೂ ಎಳೆದು ತಂದ.

"ನೋಡಿ ಅಣ್ಣ, ಒಣಾ ಒಣ. ಬೋಲ್ಟು, ಗ್ಯಾಸ್ಕೆಟ್ಟು ಎಲ್ಲ ನೋಡ್ದೆ. ಚಕ್ರದ ಹತ್ರ ಒಂದಿಷ್ಟು ಅರಿಶಿನ ಮೆತ್ಕೊಂಡಿದೆ ಅಷ್ಟೆ, ಆಯಿಲ್ ಎಲ್ಲೂ ಇಲ್ಲ. ನಿಮ್ಮ ಗಾಡಿ ಆಯಿಲ್ ಚೆಲ್ತಿಲ್ಲ, ಕುಡೀತಿದೆ. ಪಿಸ್ಟನ್ ರಿಂಗ್ ಸವೆದೋಗಿದೆ. ಒಳಗೇ ಸುಟ್ಟು ನೀಲಿ ಹೊಗೆ ಆಗಿ ಹೋಗ್ತಿದೆ, ನೋಡಿಲ್ವಾ?"

"ಮತ್ತ ಆ ತಿರುವಿನಾಗಿನ ಕಲೆ?"

"ಅದಾ? ಮೊದ್ಲು ಅಲ್ಲಿ ವಾಟರ್ ಟ್ಯಾಂಕರ್ ನಿಲ್ತಿತ್ತು, ಅದರದ್ದು. ಒಣಗಿ ವರ್ಷ ಆಯ್ತು. ಅದರ ಮೇಲೆ ಮಗು ಕೂಡ ಜಾರಲ್ಲ ಬಿಡಿ."

ನಿಂಗರಾಜ ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದ. ಕಣ್ಣು ತುಂಬಿ ಬಂತು. ಎಂಜಿನ್ ಬಿಚ್ಚಿದರೆ ಆಗುವ ಖರ್ಚನ್ನು ಮೋಹಿತ್ ಹೇಳಿದಾಗಲೂ ಅವನು ನಗುತ್ತಲೇ ಇದ್ದ. ಅವನಿಗೆ ಹುಚ್ಚು ಹಿಡಿದಿರಬೇಕು ಎಂದುಕೊಂಡ ಮೋಹಿತ್.

ಅಲ್ಲಿಂದ ನೇರವಾಗಿ ವಿಮಲಾಳ ಮನೆಗೆ ಹೋದ. ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದವನು ಅಂದು ಬೆನ್ನು ಒರಗಿಸಿ ಕುಳಿತ. ತಾನು ತಪ್ಪಿತಸ್ಥನಲ್ಲ. ಬಿದ್ದವಳನ್ನು ಬಿಟ್ಟು ಹೋದದ್ದು ತಪ್ಪೇ ಸರಿ, ಆದರೆ ಬೀಳಿಸಿದವನು ತಾನಲ್ಲ. ಇಷ್ಟು ದಿನ ಹೆದರಿದ್ದ ಪ್ರಶ್ನೆಯನ್ನು ಈಗ ತಾನೇ ಕೇಳಿದ.

"ಅವತ್ತ ಹೆಂಗ ಬಿದ್ರಿ ಅಕ್ಕಾರ?"

"ಅಯ್ಯೋ, ಯಾರೋ ಪುಣ್ಯಾತ್ಮರು ನಡುರೋಡಲ್ಲೇ ಬೂದುಗುಂಬಳಕಾಯಿ ಒಡ್ದು ಹೋಗಿದ್ರು. ಗಾಡಿಗೆ ದೃಷ್ಟಿ ತೆಗ್ದಿರ್ಬೇಕು. ತಿರುಳಿನ ಮೇಲೆ ಚಕ್ರ ಹೋಯ್ತು, ಅಷ್ಟೇ ಗೊತ್ತು."

ನಿಂಗರಾಜ ಏಳಲು ನೋಡಿದ. ಕುರ್ಚಿಯ ತುದಿಗೆ ಸರಿದು ಅಲ್ಲೇ ಕುಳಿತ. "ಅಮಾಸಿಗೆ ಎಲ್ಲಾರೂ ಒಡೀತಾರಲ್ರಿ..." ಎಂದ, ಮೆಲ್ಲಗೆ.

"ಒಡೀತಾರೆ. ಆದ್ರೆ ಎಲ್ರೂ ಒಳಗೆ ಕುಂಕುಮ ತುಂಬ್ತಾರಲ್ವಾ? ಇದು ಯಾರ ಪದ್ಧತೀನೋ ಕಾಣೆ ಅಣ್ಣ, ಎತ್ತಿ ಕೂರಿಸ್ದಾಗ ನೋಡ್ಕೊಂಡ್ರೆ ನನ್ನ ಸೀರೆಯೆಲ್ಲ ಹಳದಿ."